ನಾನು ಬಿಟ್ಟ ಎಣ್ಣೆ

ನನ್ನ ಎಡಗಿವಿ ವರ್ಷಕ್ಕೊಮ್ಮೆಯಾದರೂ ಸೋರುತ್ತದೆ. ಅಫಜಲಪುರದ ಹೊರಗಿನ ಹೊಲದ ಬಾವಿಯಲ್ಲಿ ಮೂವತ್ತು ವರ್ಷಗಳಿಂದ ಈಜುತ್ತಿರುವ ನನಗೆ ಅದು ಕಾಯಿಲೆ ಅನ್ನಿಸಿಯೇ ಇರಲಿಲ್ಲ. ಪೈಲ್ವಾನನ ಕಿವಿ ಮುರಿದಿರುತ್ತದೆ, ಈಜುವವನ ಕಿವಿ ಸೋರುತ್ತದೆ ಎಂದು ಜಂಬ ಕೊಚ್ಚುತ್ತಿದ್ದೆ.

ಮದ್ದೂ ನನ್ನ ಹತ್ತಿರವೇ ಇತ್ತು. ಕಿವಿಗೆ ನೀರು ಹೊಕ್ಕರೆ ಬಿಸಿಲಿಗೆ ಕಾದ ಕಲ್ಲನ್ನು ಒತ್ತಿಕೊಂಡು ಒಂಟಿಗಾಲಲ್ಲಿ ಕುಪ್ಪಳಿಸುವುದು. ನೋವು ಶುರುವಾದರೆ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಬೆಚ್ಚಗಿರುವಾಗಲೇ ಕಿವಿಗೆ ಬಿಟ್ಟು ಹತ್ತಿ ತುರುಕುವುದು. ನಮ್ಮ ಕಡೆ ಹಿಂದಿನಿಂದಲೂ ನಡೆದು ಬಂದದ್ದು. ಬಾವಿಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ಹೇಳುತ್ತಿದ್ದೆ. ಕಿವಿ ನೋವಿಗೆ ಡಾಕ್ಟರ ಹತ್ತಿರ ಹೋಗುವವರನ್ನು ಕಂಡರೆ ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಜೇವರ್ಗಿಯಿಂದ ತಂಗಿಯ ಮಗಳು ಬಂದಳು. ಹತ್ತು ವರ್ಷದವಳು. ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿ ನೀರಿಗೆ ಬಿಟ್ಟೆ. ಎಂಟನೇ ದಿನ ಡಬ್ಬಿ ಬಿಚ್ಚಿ ಎಸೆದು ತಾನೇ ಈಜಿದಳು. ಶಿಷ್ಯೆ ಎಂದರೆ ಹೀಗಿರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಒಂಬತ್ತನೇ ದಿನ ಅವಳು ಕಿವಿ ಹಿಡಿದುಕೊಂಡು ಅತ್ತಳು.

ತಂಗಿಗೆ ಫೋನು ಮಾಡಿದಾಗ, “ಅಣ್ಣಾ, ಮೊದಲ ದವಾಖಾನಿಗಿ ಕರ್ಕೊಂಡು ಹೋಗು” ಅಂದಳು.

“ನಾ ಇದ್ದೇನಲ್ಲ ಬೇ, ಯಾಕ ಅಂಜ್ತಿ? ಎರಡು ಹನಿ ಎಣ್ಣಿ ಬಿಟ್ರ ಮುಗೀತು” ಅಂದೆ.

ಬಿಟ್ಟೆ. ಮರುದಿನ ಕಿವಿಯಿಂದ ಕೀವು ಇಳಿಯಿತು. ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ ಎಂದು ಇನ್ನಷ್ಟು ಬಿಟ್ಟೆ. “ಮಾಮಾ, ಉರಿಲಾಕತ್ತದ” ಅಂದಳು. “ಉರಿದ್ರನ ಗುಣ ಆಗೂದು” ಎಂದು ಗದರಿಸಿ, ಅವಳ ತಲೆ ಅಲುಗದಂತೆ ಒತ್ತಿ ಹಿಡಿದೆ. ಮೂರು ದಿನ ಹೀಗೇ ಮಾಡಿದೆ. ನಾಲ್ಕನೇ ದಿನ ಜ್ವರ ಬಂತು. ತಂಗಿ ಓಡೋಡಿ ಬಂದಳು, ಮೂವರೂ ಕಲಬುರಗಿಗೆ ಹೋದೆವು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಚಿಮಟದಿಂದ ಏನನ್ನೋ ಎಳೆದು ತಟ್ಟೆಯಲ್ಲಿಟ್ಟರು. ಬೆಳ್ಳುಳ್ಳಿಯ ಚೂರು.

“ಕಿವಿ ಪರದಿಗಿ ತೂತು ಬಿದ್ದದ. ಸೋರೂ ಕಿವಿಗಿ ಎಣ್ಣಿ ಹಾಕ್ತಾರೇನ್ರಿ? ಯಾರು ಹಾಕಿದ್ದು?”

ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರವಿತ್ತು. ಅದನ್ನೇ ನೋಡುತ್ತ ನಿಂತೆ.

“ನಾನೇ ಹಾಕೇನ್ರಿ” ಅಂದಳು ತಂಗಿ.

ಡಾಕ್ಟರು ಅವಳಿಗೆ ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: “ಅಣ್ಣಾ, ಹ್ಯಾಂಗೂ ಬಂದಿದ್ದಿ, ನಿನ್ನ ಕಿವೀನೂ ತೋರ್ಸಬೇಕಾಗಿತ್ತು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವಳು ತಂಗಿ. ಅತ್ತೆಯ ಮನೆಯಲ್ಲಿ ತವರಿನ ಮಾನ ಹೋಗಬಾರದೆಂದು ಮಾತನ್ನೇ ತಿರುಗಿಸಿ ಹೇಳಿದ್ದಳು. ಅಣ್ಣ ದವಾಖಾನೆಗೆ ಒಯ್ಯುತ್ತೇನೆ ಅಂದ, ಎಣ್ಣೆ ಹಾಕು ಎಂದು ಫೋನಿನಲ್ಲಿ ಹಟ ಹಿಡಿದವಳು ನಾನೇ ಎಂದು. ಮಗಳಿಗೂ ಬಾಯಿ ಬಿಡಬೇಡ ಎಂದು ಹೇಳಿಟ್ಟಿದ್ದಳು. ಹುಡುಗಿಗೆ ಈಗ ಆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಆಪರೇಷನ್ ಆಗುವ ತನಕ ನೀರಿಗೆ ಇಳಿಯುವಂತಿಲ್ಲ. ನಾನು ಮಾತ್ರ ಈಗಲೂ ಈಜುತ್ತೇನೆ. ನಾಚಿಕೆಗೆಟ್ಟವನು.

ಈ ವರ್ಷ ನಿಜ ಹೇಳಿಯೇ ಬಿಡಬೇಕೆಂದು ಜೇವರ್ಗಿಯ ಬಸ್ಸು ಹತ್ತಿದೆ. ತಂಗಿ ನನಗೆಂದು ಚುರುಮುರಿ ಸೂಸಲಾ ಮಾಡಿದ್ದಳು. ತಟ್ಟೆ ಹಿಡಿದು ಕೂತಿದ್ದೆ. ಅವಳ ಅತ್ತೆ ನೆರೆಮನೆಯ ಹೆಂಗಸಿಗೆ ನನ್ನ ಪರಿಚಯ ಮಾಡಿಕೊಟ್ಟರು.

“ಇವರು ದವಾಖಾನಿಗಿ ಒಯ್ತೇನಿ ಅಂದ್ರಂತ. ನಮ್ಮ ಸೊಸಿ ಕೇಳ್ಲಿಲ್ಲ ನೋಡವ್ವ. ಎಣ್ಣಿ ಹಾಕ್ಸಿ ಕೂಸಿನ ಕಿವಿ ಕೆಡ್ಸಿದಳು.”

ಆ ಹೆಂಗಸು ನನ್ನನ್ನು ಮರ್ಯಾದೆಯಿಂದ ನೋಡಿದರು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಮೂಲೆಯಲ್ಲಿ ಓದುತ್ತ ಕೂತಿದ್ದ ಹುಡುಗಿ ಪುಸ್ತಕ ಮಡಚಿ ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೇಳಿಸದ ಕಿವಿಯನ್ನು ನಮ್ಮ ಕಡೆ ಮಾಡಿ, ಗೋಡೆಗೆ ತಿರುಗಿ ಕೂತು ಮತ್ತೆ ಪುಸ್ತಕ ತೆರೆದಳು.

ತಂಗಿ ಪಾತ್ರೆ ಹಿಡಿದು ಬಂದು, “ಇನ್ನೊಂದಿಷ್ಟು ತಗೋ ಅಣ್ಣಾ” ಎಂದು ಬಡಿಸಿದಳು.

ತಿಂದೆ.