ನೀರು ಕಂಡ ಬಟ್ಟೆ

ನಮ್ಮ ಮಾವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಕಟ್ಟಿದ ಕರೀ ಗಂಟೊಂದಿತ್ತು. ಆ ಕೈಗೆ ಪುರಸೊತ್ತೇ ಇರಲಿಲ್ಲ. ಊಟಕ್ಕೆ ಕೂತರೂ ತಟ್ಟೆ ಬರುವಷ್ಟರಲ್ಲಿ ಚಾಪೆಯನ್ನು ಗೇಣು ಹಾಕುತ್ತಿತ್ತು. "ಉಣ್ಣಾಕರ ಸುಮ್ನ ಕುಂದರ್ರಿ" ಅಂತ ಅತ್ತೆ ರೇಗಿದರೆ, "ಸುಮ್ನ ಕುಂತ್ರ ಮೈ ತಿಂತೈತಿ" ಅನ್ನೋರು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಪಡಸಾಲೆಯಲ್ಲಿ ಮೂರು ಹೊಲಿಗೆ ಮಷಿನ್ನು. ಮಾವ ಆವರೆಗೆ ಮಿಲಿಟರಿ, ಪೊಲೀಸ್ ಖಾಕಿ ಹೊಲಿದವರು. ಒಂದು ದಿನ ಹಳೇ ಬಟ್ಟೆ ಮಾರುವವನ ಗಂಟಿನಿಂದ ಪರದೇಶದ ಅಂಗಿಯೊಂದನ್ನು ಹುಡುಕಿ ತಂದರು. ದಪ್ಪ ನೀಲಿ ಬಟ್ಟೆ, ಮುಚ್ಚಳದ ಎರಡು ಜೇಬು, ಒತ್ತಿದರೆ ಟಕ್ಕನೆ ಕೂಡುವ ಗುಂಡಿ. ಬಂದವರೇ ಹೊಲಿಗೆ ಬಿಚ್ಚಿ ನೆಲಕ್ಕೆ ಹರಡಿದರು. "ಇದನ್ನ ನಾವ್ಯಾಕ ಹೊಲಿಬಾರ್ದು?" ಅಂತ ಮನೆ ತುಂಬ ಓಡಾಡಿದರು.

ವಾರದೊಳಗೆ ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲರಿಗೆ ಅಂಥವೇ ನಲವತ್ತು ಅಂಗಿ ಹೊಲಿಯುವ ಮಾತು ಕೊಟ್ಟು ಬಂದರು. "ಇದು ಕೆಟ್ಟಿತು ಅಂದ್ರ ನಾ ಮತ್ತ ಕತ್ತರಿ ಮುಟ್ಟಂಗಿಲ್ಲ ನೋಡ್ರಿ" ಅಂತ ಊರೆಲ್ಲ ಸಾರಿದರು.

ನಮ್ಮಲ್ಲಿ ಹೆಂಗಸರು ಕಾಜ ಹೊಲಿಯಬಹುದು, ಗುಂಡಿ ಹಚ್ಚಬಹುದು, ಕತ್ತರಿ ಮಾತ್ರ ಮುಟ್ಟುವಂತಿಲ್ಲ. ನಾನೋ ಬಾದನಹಟ್ಟಿಯ ಒಕ್ಕಲಿನ ಮನೆಯವಳು, ಬಾಯಿ ಜೋರು. ಅಂಗಿಗೆಂದು ಸುರುಳಿಗಟ್ಟಲೆ ತಂದ ನೀಲಿ ಥಾನಿನ ಜೊತೆ ಬಂದ ಮಾದರಿ ತುಂಡೊಂದನ್ನು ಒಗೆದು ಒಣಗಿಸಿದ್ದೆ. ಎರಡು ಬೆರಳು ಕುಗ್ಗಿತ್ತು. "ಮಾವ, ಥಾನು ಮೊದ್ಲ ನೀರಿಗೆ ಹಾಕ್ರಿ, ಆಮ್ಯಾಲ ಕತ್ತರಿಸ್ರಿ" ಅಂದೆ. ಮಾವ ನಕ್ಕುಬಿಟ್ಟರು. "ಮೂವತ್ತು ವರ್ಷದಾಗ ನನ್ನ ಖಾಕಿ ಒಂದು ದಾರ ಕುಗ್ಗಿಲ್ಲ. ನೀ ಗುಂಡಿ ಹಚ್ಚವ್ವ." ಅವರಿಗೆ ಬರುತ್ತಿದ್ದ ಖಾಕಿಯನ್ನು ಬಟ್ಟೆ ಗಿರಣಿಯವರೇ ಮೊದಲು ಕುಗ್ಗಿಸಿ ಕಳಿಸುತ್ತಿದ್ದರು ಅನ್ನೋದು ಅವರ ತಲೆಗೇ ಹೋಗಿರಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು. ಹಲ್ಲು ಕಚ್ಚಿ ಗುಂಡಿ ಹಚ್ಚಿದೆ.

ಅಂಗಿ ಹೋಗಿ ಹದಿನೈದು ದಿನಕ್ಕೆ ಹಮಾಲರ ಮೇಸ್ತ್ರಿ ಬಸ್ಸಿಳಿದು ಬಂದ, ಅದನ್ನೇ ತೊಟ್ಟುಕೊಂಡು. ತೋಳು ಮೊಣಕೈಗೆ ಏರಿತ್ತು, ಹೊಕ್ಕಳು ಹೊರಗೆ. "ಒಂದ ಸಲ ಒಗದೀವ್ರಿ. ಚೀಲ ಎತ್ತಾಕ ಕೈ ಮ್ಯಾಲ ಹೋಗವಲ್ದು." ಓಣಿಯವರು ಬಿದ್ದು ಬಿದ್ದು ನಕ್ಕರು. ಮಾವ ಮೂರು ದಿನ ಮೂಲೆ ಹಿಡಿದು ಕೂತರು. ಅವರು ಹಾಗೆ ಕೂತದ್ದು ನೋಡಿ ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು.

ನಾಲ್ಕನೆಯ ದಿನ ಎದ್ದವರೇ ಹೊಸ ಥಾನನ್ನು ತಾವೇ ಹಿತ್ತಲ ತೊಟ್ಟಿಗೆ ಹಾಕಿದರು. ಒಣಗಿದ ಮೇಲೆ ಎಲ್ಲರ ಎದುರು ಕತ್ತರಿಯನ್ನು ನನ್ನ ಕೈಗಿಟ್ಟರು. "ನೀ ಹೇಳಿದ್ದಿ, ನಾ ಕೇಳ್ಲಿಲ್ಲ. ತಪ್ಪು ನಂದವ್ವ. ಗೆರಿ ನಾ ಹಾಕ್ತೀನಿ, ನೀ ಕತ್ತರಿಸು."

ನಲವತ್ತನ್ನೂ ಹೊಸದಾಗಿ ಹೊಲಿದು ಕೊಟ್ಟೆವು. ಆಮೇಲೆ ಕುರುಗೋಡಿನಿಂದಲೂ ಕೇಳಿಕೊಂಡು ಬಂದರು. ಮಾವ ಮತ್ತೆ ಕತ್ತರಿ ಮುಟ್ಟಲಿಲ್ಲ, ಸುಮ್ಮನೆ ಕೂರಲೂ ಇಲ್ಲ. ಸೀಮೆಸುಣ್ಣ ಹಿಡಿದು ನನ್ನ ಸುತ್ತ ಸುತ್ತುತ್ತಾ, "ಬಟ್ಟಿ ನೀರು ಕಂಡೈತೇನು?" ಅಂತ ದಿನಾ ಕೇಳೋರು. ತಲೆ ಚಿಟ್ಟು ಹಿಡಿಯುತ್ತಿತ್ತು.

ಕೆಲವು ವರ್ಷದ ಮೇಲೆ ಒಂದು ಮುಂಜಾನೆ ಆ ಕೈ ನಿಂತಿತು. ಮಾವನ ಮೇಲೆ ಹೊದಿಸಲು ಯಾರೋ ಹೊಸ ಬಿಳಿಬಟ್ಟೆ ತಂದರು. ನಾನು ಅದನ್ನೆತ್ತಿಕೊಂಡು ಹಿತ್ತಲಿಗೆ ಹೋಗಿ ತೊಟ್ಟಿಯಲ್ಲಿ ಅದ್ದಿದೆ.

"ಹುಚ್ಚೇನವ್ವ ನಿನಗ? ಮಣ್ಣಿಗೆ ಹೋಗೋ ಬಟ್ಟಿ ಅದು!" ಅಂತ ಅತ್ತೆ ಹಿಂದೆಯೇ ಓಡಿಬಂದರು.

"ಮಾವ ಕೇಳ್ತಾರತ್ತಿ," ಅಂದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಬಟ್ಟೆಯ ಇನ್ನೊಂದು ತುದಿ ಹಿಡಿದು ನನ್ನ ಜೊತೆ ಹಿಂಡತೊಡಗಿದರು.