ತಂಗಿಯ ಹೆಸರಿನಡಿ ಸಿಕ್ಕ ಗಾಳಿ

ರೇಡಿಯಂ ಕೆಲಸಕ್ಕೆ ಕೂತರೆ ಮೊದಲು ಫ್ಯಾನ್ ಬಂದ್ ಮಾಡಬೇಕು. ಸೊಲ್ಲಾಪುರದ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ ಕೂರುವುದೆಂದರೆ ಏನೆಂದು ಅಲ್ಲಿ ಇದ್ದವರಿಗೇ ಗೊತ್ತು. ಆದರೆ ಗಾಳಿ ಆಡಿದರೆ, ಹಿಂದಿನ ಕಾಗದ ಬಿಡಿಸಿದ ರೇಡಿಯಂ ಪಟಪಟ ಹೊಡೆದುಕೊಂಡು ತನಗೆ ತಾನೇ ಅಂಟಿಕೊಂಡುಬಿಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆಗೆ ನಮ್ಮಲ್ಲಿ ಎಲ್ಲರೂ ರೇಡಿಯಂ ಎಂದೇ ಅನ್ನುತ್ತಿದ್ದರು. ಹೊಳೆಯುವುದಕ್ಕೂ ಹೊಳೆಯದ್ದಕ್ಕೂ ಅದೊಂದೇ ಹೆಸರು.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ಗುಮಾಸ್ತನಾಗಿದ್ದ ಬಟ್ಟೆ ಗಿರಣಿ ಬಂದ್ ಬಿದ್ದ ಮೇಲೆ ನಾನೂ ತಂಗಿಯೂ ಮನೆಯ ಪಡಸಾಲೆಯಲ್ಲೇ ಬ್ಯಾನರ್ ಕೆಲಸ ಶುರುಮಾಡಿದೆವು. ನವಿ ಪೇಠದ ಅಂಗಡಿಗಳಿಂದ ರೆಕ್ಸಿನ್ನೂ ರೇಡಿಯಂ ಸುರುಳಿಯೂ ತರುತ್ತಿದ್ದೆವು. ಪೆನ್ಸಿಲ್ಲಿನಲ್ಲಿ ಅಕ್ಷರ ಬರೆಯುವುದು ನಾನು, ಬ್ಲೇಡಿನಿಂದ ಕತ್ತರಿಸುವುದು ಅವಳು, ಅಂಟಿಸುವುದು ಇಬ್ಬರೂ. ಗಣಪತಿ ಮಂಡಳದವರು, ಸಾಲೆಯವರು, ಮದುವೆಯವರು ಬರುತ್ತಿದ್ದರು. ಅಕ್ಷರದಡಿ ಗಾಳಿ ಸಿಕ್ಕಿ ಎದ್ದ ಗುಳ್ಳೆ ಇಲ್ಲದ ಬ್ಯಾನರ್ ಬೇಕಿದ್ದರೆ ಆ ಅಕ್ಕ-ತಂಗಿಯ ಹತ್ತಿರ ಹೋಗಿ ಅನ್ನುವಷ್ಟು ಹೆಸರಾಯಿತು. ನನಗೆ ಅದರ ಜಂಬವೂ ಇತ್ತು.

ನಮ್ಮ ಮನೆಯ ಮಾತು ಕನ್ನಡ, ಕಲಿತ ಸಾಲೆ ಮರಾಠಿ, ಬ್ಯಾನರುಗಳೂ ಮರಾಠಿ. ಕನ್ನಡದ ಅಕ್ಷರಗಳು ಒಂದೊಂದೂ ಬೇರೆ ಬೇರೆ ನಿಲ್ಲುತ್ತವೆ. ಒಂದು ಅಕ್ಷರ ಎತ್ತಿಕೊಂಡು ಒಬ್ಬರೇ ಅಂಟಿಸಿಬಿಡಬಹುದು. ಮರಾಠಿಯದು ಹಾಗಲ್ಲ. ತಲೆಯ ಮೇಲೊಂದು ಗೆರೆ ಓಡಿ ಇಡೀ ಶಬ್ದವನ್ನು ಹಿಡಿದಿರುತ್ತದೆ. ಮೂರು ನಾಲ್ಕು ಅಡಿಯ ಶಬ್ದ ಒಂದೇ ತುಂಡಾಗಿ, ಹಗ್ಗಕ್ಕೆ ಒಣಹಾಕಿದ ಬಟ್ಟೆಗಳ ಹಾಗೆ ಜೋತಾಡುತ್ತ ಮೇಲೇಳುತ್ತದೆ. ಅದಕ್ಕೆ ನಾಲ್ಕು ಕೈ ಬೇಕೇ ಬೇಕು.

ತಂಗಿ ಆ ತುದಿಯನ್ನು ಬಿಗಿಯಾಗಿ ಎತ್ತಿ ಹಿಡಿಯುತ್ತಿದ್ದಳು. ನಾನು ಈ ತುದಿಯಿಂದ, ಹಳೆಯ ಬನಿಯನ್ ಬಟ್ಟೆ ಸುತ್ತಿದ ಮರದ ಪಟ್ಟಿ ಹಿಡಿದು, ಅಕ್ಷರದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗುತ್ತಿದ್ದೆ. ಅವಳು ಕೈ ಬೇಗ ಇಳಿಸಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ, ತಡಮಾಡಿದರೆ ರೇಡಿಯಂ ಜಗ್ಗಿ ಅಕ್ಷರ ಉದ್ದವಾಗುತ್ತದೆ. ನಾನು ಒತ್ತಿದಷ್ಟೇ ಅವಳು ಇಳಿಸಬೇಕು. ಐದು ವರ್ಷ ಹೀಗೆ ಮಾಡಿ ನಮಗೆ ಮಾತೇ ಬೇಕಾಗುತ್ತಿರಲಿಲ್ಲ. ಓಣಿಯ ತುಂಬ ಮಗ್ಗಗಳಿದ್ದವು, ಹತ್ತಿಯ ನವಿರು ಗಾಳಿಯಲ್ಲಿ ತೇಲಿ ಬಂದು ರೆಕ್ಸಿನ್ನಿನ ಮೇಲೆ ಕೂರುತ್ತಿತ್ತು. ಅದನ್ನು ನಾನು ಕಾಣುವ ಮೊದಲೇ ಅವಳು ಕಂಡು ಬಾಯಿಂದ ಊದುತ್ತಿದ್ದಳು.

ನನಗೆ ನೋಡಿದ ಮೂರು ಸಂಬಂಧ ಮುರಿದಿದ್ದವು. ನಾಲ್ಕನೆಯವರ ಮುಂದೆ ತಟ್ಟೆ ಹಿಡಿದು ನಿಲ್ಲುವ ಮನಸ್ಸು ನನಗಿರಲಿಲ್ಲ. ತಂಗಿಗೆ ಅಕ್ಕಲಕೋಟದಿಂದ ಒಳ್ಳೆಯ ಮನೆತನ ಕೇಳಿ ಬಂದಾಗ, ಅವಳದು ಮೊದಲು ಮಾಡಿರಿ ಎಂದು ನಾನೇ ಹೇಳಿದೆ. ಅಂದಿನಿಂದ ಬೀಗರು ನೆಂಟರು ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಲು ಹತ್ತಿದರು. ಹೊಗಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು, ಎಲ್ಲಾದರೂ ಬಿರುಕು ಕಾಣುತ್ತದೇನೋ ಎಂದು. ಪಕ್ಕದ ಮನೆಯ ಹಿರಿಯ ಹೆಂಗಸು, ನಾವು ಕಾಕು ಎಂದು ಕರೆಯುತ್ತಿದ್ದವರು, ಬಾಯಿ ಬಿಟ್ಟೇ ಅಂದರು: “ತಂಗೀದು ಮಾಡೂಮುಂದನ ನಿಂದೂ ಒಂದು ಬ್ಯಾನರ್ ಮಾಡಿ ಇಟ್ಕೋ, ಬೇಕಾದೀತು.” ಅವರು ನಗಿಸಲು ಅಂದದ್ದೇ ಇರಬಹುದು. ನನಗೆ ಮೈ ಉರಿಯಿತು.

ಮದುವೆಯ ಬ್ಯಾನರ್ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಕೆಂಪು ರೆಕ್ಸಿನ್, ಬಂಗಾರ ಬಣ್ಣದ ರೇಡಿಯಂ. ಒಂದು ಗುಳ್ಳೆಯೂ ಇರಬಾರದು. ಇದ್ದರೆ ಊರಿಗೆಲ್ಲ ಗುಳ್ಳೆ ಇಲ್ಲದೆ ಅಂಟಿಸಿಕೊಟ್ಟವಳಿಗೆ ತಂಗಿಯ ಮದುವೆಯಲ್ಲೇ ಕೈ ನಡುಗಿತೇ, ಹೊಟ್ಟೆಕಿಚ್ಚೇ ಇರಬೇಕು ಅಂದಾರು. ಅದೊಂದು ಮಾತು ಯಾರ ಬಾಯಿಂದಲೂ ಬರಗೊಡಬಾರದು ಎಂಬುದೇ ನನ್ನ ತಲೆಯಲ್ಲಿತ್ತು.

ಮದುವೆಯ ಹಿಂದಿನ ದಿನ ಮುಂಜಾನೆ ಅರಿಷಿಣ ಹಚ್ಚಿದರು. ಅರಿಷಿಣ ಹಚ್ಚಿದ ಮೇಲೆ ಮದುಮಗಳು ಕೆಲಸಕ್ಕೆ ಕೈ ಹಾಕುವಂತಿಲ್ಲ, ಒಳಮನೆ ಬಿಟ್ಟು ಬರುವಂತಿಲ್ಲ. ವರನ ಹೆಸರನ್ನು ಅದಕ್ಕೂ ಹಿಂದಿನ ದಿನವೇ ಇಬ್ಬರೂ ಸೇರಿ ಅಂಟಿಸಿದ್ದೆವು. ತನ್ನ ಹೆಸರನ್ನು ತಾನೇ ಅಂಟಿಸಿಕೊಳ್ಳಲು ಅವಳಿಗೆ ನಾಚಿಕೆ, ಅದಕ್ಕೇ ಅದು ಉಳಿದಿತ್ತು.

ಮಧ್ಯಾಹ್ನ ಪಡಸಾಲೆಯ ಫ್ಯಾನ್ ಬಂದ್ ಮಾಡಿದ ಸದ್ದು ಕೇಳಿ ಅವಳು ಒಳಗಿನಿಂದ ಕೂಗಿದಳು. “ಅಕ್ಕಾ, ನಾ ಬಂದು ಹಿಡೀತೀನಿ, ತಡಿ.”

“ನೀ ಸುಮ್ಮ ಕೂಡು. ಕಾಕು ಬಂದಾರ, ಅವರ ಹಿಡೀತಾರ,” ಎಂದೆ.

ಕಾಕು ಬಂದಿರಲಿಲ್ಲ. ಅವರನ್ನು ಕರೆಯುವುದಕ್ಕಿಂತ ಕೈ ಕತ್ತರಿಸಿಕೊಳ್ಳುವುದು ನನಗೆ ಸುಲಭವಿತ್ತು. ಗೋಡೆಯ ಮೊಳೆಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆಯ ಕ್ಲಿಪ್ಪು ಹಾಕಿ, ಅದರಲ್ಲಿ ತಂಗಿಯ ಹೆಸರಿನ ಕೊನೆಯನ್ನು ಸಿಕ್ಕಿಸಿದೆ. ಮೊದಲಕ್ಷರ ಬೆಣ್ಣೆಯ ಹಾಗೆ ಕೂತಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ಕ್ಲಿಪ್ಪು ಜಾರಿ, ಉಳಿದದ್ದೆಲ್ಲ ತಪ್ಪನೆ ರೆಕ್ಸಿನ್ನಿನ ಮೇಲೆ ಬಿತ್ತು. ಪಟ್ಟಿಯಿಂದ ಒತ್ತಿ ಒತ್ತಿ ಬಹಳಷ್ಟು ಗಾಳಿ ಹೊರಗೆ ಹಾಕಿದೆ. ಎರಡನೆಯ ಅಕ್ಷರದ ಹೊಟ್ಟೆಯಲ್ಲಿ ಕಡಲೆಬೇಳೆಯಷ್ಟು ಒಂದು ಗುಳ್ಳೆ ಉಳಿಯಿತು. ರೆಕ್ಸಿನ್ನಿಗೆ ಅಂಟಿದ್ದನ್ನು ಎಬ್ಬಿಸಿದರೆ ಹರಿಯುತ್ತದೆ, ಬಂಗಾರ ಬಣ್ಣದ ಸುರುಳಿಯೂ ಮುಗಿದಿತ್ತು.

ಮದ್ದು ಸುಲಭ. ಸಣ್ಣ ಸೂಜಿಯಿಂದ ಗುಳ್ಳೆಯ ಅಂಚಿಗೆ ಚುಚ್ಚಿ, ಹೆಬ್ಬೆರಳಿನಿಂದ ಗಾಳಿಯನ್ನು ತೂತಿನ ಕಡೆಗೆ ತಳ್ಳಬೇಕು. ಸೂಜಿ ತಂದು ಬಗ್ಗಿದೆ. ಅದೇ ಹೊತ್ತಿಗೆ ಅವ್ವ ಅಕ್ಕಿಯ ಬುಟ್ಟಿ ಹಿಡಿದು ಬಂದಳು.

“ಏನ ಮಾಡಾಕತ್ತೀ? ಅರಿಷಿಣ ಹಚ್ಚಿದ ಹುಡಿಗಿ ಹೆಸರಿಗಿ ಸೂಜಿ ಚುಚ್ಚತೀಯೇನ?”

“ಗುಳ್ಳಿ ಆಗ್ಯಾದ, ಅವ್ವಾ.”

“ಆಗಲಿ. ಮದವಿ ಮನ್ಯಾಗ ಅಂಥಾದ್ದು ಮಾಡಬ್ಯಾಡ. ಮಂದಿ ಮ್ಯಾಲ ನೋಡತಾರೋ, ಊಟ ನೋಡತಾರೋ?”

ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ಟೆಂಪೋದವನನ್ನು ವಿಚಾರಿಸಲು ಬೀದಿಗೆ ಹೋದಳು. ಪಡಸಾಲೆಯಲ್ಲಿ ನಾನು, ಬ್ಯಾನರು, ಸೂಜಿ. ಎರಡು ನಿಮಿಷದ ಕೆಲಸ. ಅವ್ವನಿಗೆ ಹೆದರಿ ಬಿಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇಷ್ಟು ದಿನ ಮುಖ ಗಂಟಿಕ್ಕದೆ ಓಡಾಡಿ ನನಗೆ ಸಾಕಾಗಿತ್ತು. ಇದನ್ನು ಒಬ್ಬಳೇ ಅಂಟಿಸಿದ್ದೇನೆ ಎಂದು ಒಬ್ಬರಿಗಾದರೂ ತಿಳಿಯಲಿ ಅನ್ನಿಸಿತು. ಗುಳ್ಳೆಯನ್ನು ಹಾಗೇ ಬಿಟ್ಟು ಬ್ಯಾನರನ್ನು ಸುತ್ತಿ ಕಟ್ಟಿದೆ.

ಮರುದಿನ ಮುಂಜಾನೆ ಟೆಂಪೋದಲ್ಲಿ ಅಕ್ಕಲಕೋಟಕ್ಕೆ ಹೋದೆವು. ಮದುವೆಯ ಛತ್ರಕ್ಕೆ ಅಲ್ಲಿ ಕಾರ್ಯಾಲಯ ಅನ್ನುತ್ತಾರೆ, ಅದರ ಬಾಗಿಲಿಗೆ ಬ್ಯಾನರ್ ಏರಿತು. ಬಿಸಿಲು ನೇರ ಅದರ ಮೇಲೆ. ಕಾದ ಗಾಳಿ ಉಬ್ಬಿ, ಕಡಲೆಬೇಳೆ ಇದ್ದದ್ದು ಹುಣಸೆಬೀಜ ಆಯಿತು. ನನಗಂತೂ ಇಡೀ ಬಾಗಿಲಿನಲ್ಲಿ ಅದೊಂದೇ ಕಾಣುತ್ತಿತ್ತು. ಬಂದವರು ಅದರ ಕೆಳಗೇ ಹಾದು ಒಳಗೆ ಹೋದರು. ಗಂಡಿನ ಸೋದರತ್ತೆ ಮಾತ್ರ ನಿಂತು ತಲೆ ಎತ್ತಿ ನೋಡಿದರು. ಅವರು ಅಂದದ್ದಿಷ್ಟು: “ನಿಮ್ಮ ಕೈಯಾಂದೇನ್ರಿ ಇದು? ಭಾಳ ಛಂದ ಆಗ್ಯಾದ ನೋಡ್ರಿ.” ಇಷ್ಟು ದಿನ ನಾನು ಹೆದರಿದ್ದೆಲ್ಲ ದಂಡ. ಸಮಾಧಾನ ಆಗಬೇಕಿತ್ತು, ಸಿಟ್ಟು ಬಂತು. ಯಾರೂ ನನ್ನನ್ನು ಅಷ್ಟು ಹತ್ತಿರದಿಂದ ನೋಡುತ್ತಲೇ ಇರಲಿಲ್ಲ.

ತಂಗಿಯೂ ಹೊಸಿಲು ದಾಟುವಾಗ ಒಮ್ಮೆ ಮೇಲೆ ನೋಡಿದಳು.

ಅಕ್ಷತೆಗೆ ಮುಂಚೆ ಮದುಮಗಳ ಕೋಣೆಯಲ್ಲಿ ಅವಳ ಜಡೆಗೆ ಹೂ ಮುಡಿಸುತ್ತ ಹಿಂದೆ ಕೂತಿದ್ದೆ. ನಾವಿಬ್ಬರೇ ಇದ್ದೆವು. ಅವಳು ತಿರುಗದೆಯೇ ಅಂದಳು. “ನಿನ್ನಿ ಕಾಕು ಬಂದಿದ್ದಿಲ್ಲ.”

“ಬಂದಿದ್ರು.”

“ಎರಡನೇ ಅಕ್ಷರದಾಗ ಗುಳ್ಳಿ ಅದ. ಯಾರರೆ ಆ ಕಡಿ ಹಿಡದಿದ್ರ ಅಲ್ಲಿ ಬರತಿದ್ದಿಲ್ಲ. ಒಬ್ಬಾಕಿನೇ ಹಚ್ಚೀದಿ.”

ಹೂವಿನ ದಾರ ಎಲ್ಲಿ ಸಿಕ್ಕಿಸಬೇಕೆಂಬುದು ಮರೆತುಹೋಯಿತು. ಯಾರಿಗಾದರೂ ತಿಳಿಯಲಿ ಎಂದು ಬಿಟ್ಟದ್ದು ತಿಳಿಯಬೇಕಾದವಳಿಗೇ ತಿಳಿದಿತ್ತು, ಅದೂ ತಾಳಿ ಬೀಳುವ ಹೊತ್ತಿಗೆ. ನಾನು ಮಾಡಿದ್ದು ಸಣ್ಣತನ ಎಂದು ಆಗ ನಾಚಿಕೆಯಾಯಿತು.

ಅವಳು ಕೈ ಹಿಂದೆ ಚಾಚಿ, ಪಟ್ಟಿ ಒತ್ತಿ ಒತ್ತಿ ಗಂಟುಗಟ್ಟಿದ ನನ್ನ ಹೆಬ್ಬೆರಳನ್ನು ಹುಡುಕಿ ಹಿಡಿದಳು. “ನಾಳಿಂದ ಆ ಕಡಿ ಯಾರ ಹಿಡೀತಾರ?” ಎಂದಳು.

ಅವಳ ಕಣ್ಣಿನ ಕಾಡಿಗೆ ಇಳಿಯತೊಡಗಿತ್ತು. “ಸೆಕಿ ಭಾಳ ಅದ, ಫ್ಯಾನ್ ಹಚ್ಚತೀನಿ ತಡಿ,” ಎಂದು ನಾನು ಎದ್ದೆ. ಬಟನ್ ಎಲ್ಲಿದೆ ಎಂದು ಹುಡುಕುವ ನೆಪದಲ್ಲಿ ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತೆ.

ಆಮೇಲೂ ಬ್ಯಾನರುಗಳು ಬಂದವು. ಅವ್ವನ ಕೈ ನಡುಗುತ್ತಿತ್ತು, ಅಪ್ಪನಿಗೆ ಕಣ್ಣು ಮಂಜು. ಕಾಕು ತಾವಾಗಿಯೇ ಬಂದು ಎರಡು ಸಲ ಹಿಡಿದರು, ಆದರೆ ಅವರ ಬಾಯಿ ನಡೆದಷ್ಟೂ ಕೈ ಇಳಿಯುತ್ತಿತ್ತು. ಕೊನೆಗೆ ನಾನೇ ಒಂದು ದಾರಿ ಹುಡುಕಿಕೊಂಡೆ. ಶಬ್ದದ ಮೇಲಿನ ಗೆರೆಯನ್ನು ಎರಡು ಕಡೆ ಬ್ಲೇಡಿನಿಂದ ಕೊಯ್ದು, ಮರಾಠಿ ಹೆಸರುಗಳನ್ನೂ ಕನ್ನಡದ ಹಾಗೆ ಬಿಡಿಬಿಡಿ ಮಾಡಿ ಅಂಟಿಸತೊಡಗಿದೆ. ತುಂಡು ಸಣ್ಣದಾದರೆ ಒಬ್ಬರ ಕೈ ಸಾಕು, ಗುಳ್ಳೆಯೂ ಬರುವುದಿಲ್ಲ. ಗೆರೆ ಕೂಡಿದಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ದೂರಕ್ಕೆ ಕಾಣುವುದಿಲ್ಲ. ಗಿರಾಕಿಗಳು ಯಾರೂ ಕೇಳಲಿಲ್ಲ.

ತಂಗಿ ತವರಿಗೆ ಬಂದಾಗಲೆಲ್ಲ ಚಪ್ಪಲಿ ಬಿಟ್ಟವಳೇ, ಗೋಡೆಗೆ ತೂಗುಹಾಕಿದ ಬ್ಯಾನರಿನ ಹತ್ತಿರ ಹೋಗಿ ಮೇಲಿನ ಗೆರೆಯ ಗುಂಟ ಉಗುರು ಎಳೆಯುತ್ತಿದ್ದಳು. ಸಂದು ಸಿಕ್ಕಲ್ಲಿ ಉಗುರು ನಿಲ್ಲುತ್ತಿತ್ತು. ಅವಳು ನನ್ನ ಕಡೆ ತಿರುಗುತ್ತಿದ್ದಳು. ನಾನು ಎದ್ದು ಚಹಾಕ್ಕೆ ಇಡುತ್ತಿದ್ದೆ.