ಬನ್ನಿ ಮರದವರೆಗಿನ ದಾರಿ

ಮಾಸ್ತರರು ಆ ಊರಿನ ಶಾಲೆಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ನಾಗರ ಪಂಚಮಿಯ ಸೂಟಿ. ಊರ ಹಿಂದಿನ ಗುಡ್ಡವನ್ನು ಒಮ್ಮೆ ಏರಿ ನೋಡಬೇಕೆಂದು ಹೊರಟವರು ದಾರಿ ತಪ್ಪಿದರು. ಮುಳ್ಳುಕಂಟಿಗಳಲ್ಲಿ ಸಿಕ್ಕಿಕೊಂಡು ಬಿಡಿಸಿಕೊಂಡು ಅಂತೂ ನೆತ್ತಿಗೆ ಬಂದರೆ ಅಲ್ಲಿ ಒಂದು ಬನ್ನಿ ಮರ. ಮರದ ಕೆಳಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬುತ್ತಿಯ ಗಂಟನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಹೆಸರು ಅನಸವ್ವ.

“ಹೊಸಾ ಪ್ಯಾಂಟು ಜಾಲಿಗಿಡಕ್ಕ ಉಡಿಸಿ ಬಂದೀರಲ್ರಿ ಮಾಸ್ತರ್ರ!” ಎಂದು ಅವಳು ನಕ್ಕಳು.

ಮಾಸ್ತರರು ಹರಿದ ಮೊಣಕಾಲನ್ನು ಕೈಯಿಂದ ಮುಚ್ಚಿಕೊಂಡು, “ತವರಿಗೆ ಹೊಂಟೀರೇನವ್ವಾ?” ಎಂದು ಕೇಳಿದರು.

“ಇಲ್ರಿ. ನಾ ಇಲ್ಲೀತನಾನ ಬರಾಕಿ. ಆ ಕಡಿಂದ ನಮ್ಮಕ್ಕ ಬರತಾಳ.” ಗಂಟು ಬಿಚ್ಚಿ ಒಂದು ಶೇಂಗಾ ಉಂಡಿಯನ್ನು ಅವರ ಕೈಗಿಟ್ಟಳು. “ತಿನ್ರಿ. ತಿಂದು ಲಗೂನ ಇಳೀರಿ. ನಮ್ಮಕ್ಕ ಬಂದಮ್ಯಾಲ ಇಲ್ಲಿ ಗಂಡಸರಿಗೆ ಜಾಗಾ ಇಲ್ಲ.”

ಇದು ಮೂವತ್ತೈದು ವರ್ಷಗಳ ಹಿಂದಿನ ಮಾತು.

ಅನಸವ್ವನಿಗೂ ಅವಳ ಅಕ್ಕ ಮರೆವ್ವನಿಗೂ ಒಡಹುಟ್ಟಿದ ಗಂಡುಮಕ್ಕಳಿರಲಿಲ್ಲ. ಅಕ್ಕನನ್ನು ಗುಡ್ಡದ ಆಚೆ ಮುಧೋಳದ ಕಡೆಗೂ, ತಂಗಿಯನ್ನು ಈಚೆ ಬೀಳಗಿಯ ಕಡೆಗೂ ಕೊಟ್ಟ ಮೇಲೆ ತಂದೆತಾಯಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಪಂಚಮಿಗೆ ಊರಿನ ಹೆಣ್ಣುಮಕ್ಕಳನ್ನೆಲ್ಲ ಕರೆಯಲು ಅಣ್ಣತಮ್ಮಂದಿರು ಬರುತ್ತಿದ್ದರು. ಇವರಿಬ್ಬರನ್ನು ಕರೆಯಲು ಯಾರೂ ಬರಲಿಲ್ಲ. ಒಂದು ವರ್ಷ ಅತ್ತು ಸುಮ್ಮನಾದರು. ಮರುವರ್ಷ ಮರೆವ್ವ ಕಟ್ಟಿಗೆ ತರಲು ಬಂದವರೊಡನೆ ಹೇಳಿ ಕಳಿಸಿದಳು: “ನೀ ಉಂಡಿ ಕಟಗೊಂಡ ಬಾ. ನಾನೂ ತರತೇನಿ. ನಿನಗ ನಾ ತವರುಮನಿ, ನನಗ ನೀ ತವರುಮನಿ.”

ಅಂದಿನಿಂದ ಪ್ರತಿ ಪಂಚಮಿಗೂ ಇಬ್ಬರೂ ಎರಡು ದಿಕ್ಕಿನಿಂದ ಏರಿ ಬನ್ನಿ ಮರದ ಕೆಳಗೆ ಕೂಡುವರು. ಒಬ್ಬಳ ಉಂಡಿಯನ್ನು ಇನ್ನೊಬ್ಬಳು ಮಡಿಲಿಗೆ ಹಾಕಿಸಿಕೊಂಡು ಇಳಿಯುವಳು. ಅತ್ತೆಯರು ಮೊದಮೊದಲು ಗೊಣಗಿದರು. ಆಮೇಲೆ ಉಂಡಿಯ ರುಚಿ ಹತ್ತಿ ಸುಮ್ಮನಾದರು.

ಆದರೆ ಅವರು ಗುಡ್ಡವೇರುತ್ತಿದ್ದುದು ಬರಿಯ ಉಂಡಿಗಾಗಿ ಅಲ್ಲ. ಮರೆವ್ವನ ಚೊಚ್ಚಲ ಮಗಳು ಗಂಗಾಂಬಿಕಾ ಎರಡು ವರ್ಷದವಳಿರುವಾಗ ಜ್ವರದಲ್ಲಿ ತೀರಿಕೊಂಡಿದ್ದಳು. ಆ ಮನೆಯಲ್ಲಿ ಆ ಹೆಸರನ್ನು ಎತ್ತುವಂತಿರಲಿಲ್ಲ. ಎತ್ತಿದರೆ ಮರೆವ್ವನ ಗಂಡ ಎರಡು ದಿನ ಊಟ ಬಿಡುತ್ತಿದ್ದ. ಗುಡ್ಡದ ಮೇಲೆ ಮಾತ್ರ ಆ ಮಗು ವರ್ಷವರ್ಷಕ್ಕೆ ಬೆಳೆಯುತ್ತಿತ್ತು.

“ಈ ವರ್ಷ ಗಂಗಿ ಇದ್ದಿದ್ರ ಸಾಲಿಗೆ ಹಚ್ಚತಿದ್ದೆ,” ಎನ್ನುವಳು ಅಕ್ಕ.

“ಸಾಲಿ ಎಲ್ಲೀದು ಬೇ? ನಿನ್ನಂಗ ಹಟಮಾರಿ ಇರತಿದ್ಲು. ಮಾಸ್ತರ್ರನ್ನ ಓಡಿಸಿರತಿದ್ಲು,” ಎನ್ನುವಳು ತಂಗಿ.

ಗಂಗಿಯ ಮದುವೆಯ ಮಾತು, ಗಂಗಿಯ ಬಾಣಂತನದ ಮಾತು, ಎಲ್ಲವೂ ಆ ಮರದ ಕೆಳಗೆ ನಡೆದವು. ಅತ್ತೂ ನಕ್ಕೂ ಹೊತ್ತು ಇಳಿಯುವುದರೊಳಗೆ ಕಣ್ಣೊರೆಸಿಕೊಂಡು ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು.

ಮುಂದೆ ಮನೆಮನೆಗೆ ಗ್ಯಾಸು ಬಂದು ಕಟ್ಟಿಗೆಗೆ ಹೋಗುವವರು ಕಡಿಮೆಯಾದರು. ಗುಡ್ಡವು ಚಿಂಕಾರವೆಂಬ ಸಣ್ಣ ಜಿಂಕೆಗಳ ಅಭಯಾರಣ್ಯವಾಯಿತು. ತಂತಿಬೇಲಿ ಬಂತು, ಬೇಲಿಯ ಹಿಂದೆ ಕಾಲುದಾರಿ ಮುಚ್ಚಿಹೋಯಿತು. ಚಿಂಕಾರಗಳ ಮೇಲೆ ಅನಸವ್ವನಿಗೆ ಸಿಟ್ಟಿರಲಿಲ್ಲ. “ಅವೂ ಹೆಣ್ಣು ಹಡದಂಥವ. ಅವಕ್ಕೂ ಒಂದು ಜಾಗಾ ಬೇಕಲಾ,” ಎಂದಳು. ಪಂಚಮಿಗೆ ಬಸ್ಸು ಹತ್ತಿದಳು. ಬೀಳಗಿಗೆ ಒಂದು ಬಸ್ಸು, ಮುಧೋಳಕ್ಕೆ ಇನ್ನೊಂದು, ಮುಂದೆ ಟಂಟಂ ಗಾಡಿ. ಎರಡು ತಾಸಿನ ನಡಿಗೆಯ ದಾರಿಗೆ ಅರ್ಧ ದಿನ.

ಅಕ್ಕನ ಸೊಸೆ ಸರಿತಾ ಬ್ಯಾಂಕಿನಲ್ಲಿ ನೌಕರಿ ಮಾಡುವವಳು, ಬಲು ಒಳ್ಳೆಯವಳು. ಚಿಗವ್ವ ಬಂದಳೆಂದು ರಜೆ ಹಾಕಿ ಮನೆಯಲ್ಲೇ ಉಳಿದಳು. ಚಹಾದ ಮೇಲೆ ಚಹಾ ಬಂತು, ಹೋಳಿಗೆ ಬಂತು, ಟೀವಿ ಹಚ್ಚಿದರು, ಮೊಮ್ಮಕ್ಕಳು ಫೋಟೋ ತೆಗೆದರು. ಅಕ್ಕತಂಗಿಯರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದೆಂಬ ಪ್ರೀತಿ. ಅನಸವ್ವ ದನಿ ತಗ್ಗಿಸಿ “ಗಂಗಿ ಇದ್ದಿದ್ರ...” ಎನ್ನುತ್ತಿದ್ದಂತೆ ಸರಿತಾ ತಟ್ಟೆ ಹಿಡಿದು ಬಂದಳು. ಮರೆವ್ವ ಕಣ್ಣಿನಿಂದಲೇ ತಂಗಿಯನ್ನು ತಡೆದಳು. ಸಂಜೆಯ ಬಸ್ಸಿನಲ್ಲಿ ಅನಸವ್ವ ಹೊಟ್ಟೆ ತುಂಬಿಸಿಕೊಂಡು, ಏನನ್ನೂ ಮಾತಾಡದೆ ಮರಳಿದಳು. ಹಾಗೆ ಆರು ಪಂಚಮಿಗಳು ಕಳೆದವು.

ಎರಡು ವರ್ಷದ ಹಿಂದೆ ಸಿದ್ದಾರ್ಥನೆಂಬ ಅರಣ್ಯ ಇಲಾಖೆಯ ಹುಡುಗ ಗಾರ್ಡು ಅನಸವ್ವನ ಮನೆ ಹುಡುಕಿಕೊಂಡು ಬಂದ. ಊರ ಮಂದಿಯೇ ಅವಳ ಹೆಸರು ಹೇಳಿದ್ದರು.

“ಆಯಿ, ಗುಡ್ಡದ ಮ್ಯಾಲ ನಡಿಗಿ ದಾರಿ ಮಾಡಾಕತ್ತೇವಿ. ಪ್ಯಾಟಿ ಮಂದಿ ಬರತಾರ. ಹಳೇ ದಾರಿ ತೋರಸ್ತೀರೇನು?”

“ಬಂದು ಎಲ್ಲಿಗೆ ಹೋಗತಾರ?”

“ಎಲ್ಲಿಗೂ ಇಲ್ಲ. ಏರೂದು, ನೋಡೂದು, ಇಳಿಯೂದು.”

“ಕಟಗೀನೂ ತರೂದಿಲ್ಲೇನು?” ಅನಸವ್ವ ಗಲ್ಲಕ್ಕೆ ಕೈ ಹಚ್ಚಿದಳು. “ಬರಿಗೈಲೆ ಇಳಿಯಾಕ ಏರತಾರ? ಖರೆ ಹೇಳೋ ತಮ್ಮಾ!”

ಮರುದಿನ ನಸುಕಿನಲ್ಲೇ ಹೊರಟರು. ಗಾರ್ಡನ ಕೈಯಲ್ಲಿ ಮೊಬೈಲು, ಅನಸವ್ವನ ಕೈಯಲ್ಲಿ ಕೋಲು. ಅರ್ಧ ದಾರಿಯಲ್ಲಿ ಸಿದ್ದಾರ್ಥ ನಿಂತ. “ಆಯಿ, ಎಡಕ್ಕ ಹೋದ್ರ ಎತ್ತರದ ಬಂಡಿಗಲ್ಲು ಹತ್ತರ ಐತಿ. ಅಲ್ಲಿಂದ ನೋಡಾಕ ಛಲೋ. ನೀವು ಬಲಕ್ಕ ಯಾಕ ಹೊಂಟ್ರಿ?”

“ಎಡಕ್ಕ ಕಲ್ಲು ಜಾರತಾವ. ನಿನ್ನ ಮೊಬೈಲ್ ಏರೇತೇನು ಈ ಗುಡ್ಡಾ?”

ಹುಡುಗ ಹಿಂಬಾಲಿಸಿದ. ಬನ್ನಿ ಮರ ಕಂಡಾಗ ಅನಸವ್ವ ಅದರ ಕಾಂಡಕ್ಕೆ ಬೆನ್ನು ಹಚ್ಚಿ ಕುಳಿತುಬಿಟ್ಟಳು. ಕೋಲನ್ನು ಪಕ್ಕಕ್ಕಿಟ್ಟು ಹೇಳಿದಳು: “ಎಡಕ್ಕ ಏನೂ ಜಾರಂಗಿಲ್ಲ ತಮ್ಮಾ. ಸುಳ್ಳು ಹೇಳಿದ್ನಿ. ನನಗ ಇಲ್ಲಿಗೆ ಬರೂದಿತ್ತು.” ಏಕೆಂಬುದನ್ನೂ ಹೇಳಿದಳು. ಗಂಗಿಯ ಹೆಸರೊಂದನ್ನು ಬಿಟ್ಟು.

ಸಿದ್ದಾರ್ಥ ಹಿರಿಯ ಅಧಿಕಾರಿಗಳಿಗೆ ಬಲಗಡೆಯ ದಾರಿಯನ್ನೇ ಸೂಚಿಸಿದ. ಅವರು ಒಪ್ಪಿದರು, ಆದರೆ ಬನ್ನಿ ಮರದವರೆಗೆ ಮಾತ್ರ. ಆಚೆಯ ಇಳಿಜಾರಿನಲ್ಲಿ ಚಿಂಕಾರಗಳು ಮರಿ ಹಾಕುತ್ತವೆ, ಅಲ್ಲಿ ಮನುಷ್ಯರ ಸುಳಿವು ಬೇಡವೆಂದರು.

ಆ ವರ್ಷದ ಪಂಚಮಿಗೆ ಅನಸವ್ವ ಉಂಡಿ ಕಟ್ಟಿಕೊಂಡು ಏರಿದಳು. ಅಕ್ಕ ಬರುವಂತಿಲ್ಲವೆಂದು ಗೊತ್ತಿತ್ತು, ಆದರೂ ಏರಿದಳು. ಹೊತ್ತು ನೆತ್ತಿಗೆ ಬಂದಾಗ ಮಡಿಲಲ್ಲಿದ್ದ ಫೋನು ರಿಂಗಾಯಿತು.

“ಮನಿಯಾಗಿಲ್ಲ ಬೇ ನಾನು,” ಮರೆವ್ವನ ದನಿ ಏದುಸಿರು ಬಿಡುತ್ತಿತ್ತು. “ಈ ಕಡಿ ಬೇಲಿ ಹತ್ರ ಹುಣಸಿಗಿಡದ ಕೆಳಗ ಕುಂತೇನಿ. ಹೊಲಾ ನೋಡಿ ಬರತೇನಿ ಅಂತ ಸರಿತಾಗ ಹೇಳಿ ಬಂದೇನಿ. ಒಬ್ಬಾಕೀನ ಅದೇನಿ.”

ಅನಸವ್ವ ಎದ್ದು ನಿಂತು ಕೆಳಗೆ ನೋಡಿದಳು. ಬಿಸಿಲು, ಕಬ್ಬಿನ ಹೊಲಗಳು, ಚುಕ್ಕೆಯಂಥ ಮರಗಳು. ಯಾವುದು ಹುಣಸೆ, ಯಾವುದು ಬೇವು, ಕಣ್ಣಿಗೆ ತಿಳಿಯಲಿಲ್ಲ. ಆ ಗೊತ್ತಿಲ್ಲದ ಮರಗಳನ್ನೆಲ್ಲ ನೋಡುತ್ತಲೇ ಒಂದು ತಾಸು ಮಾತಾಡಿದಳು. ಉಂಡಿಯ ಗಂಟನ್ನು ಹಾಗೆಯೇ ಹೊತ್ತು ಇಳಿದಳು. ಮನೆಯಲ್ಲಿ ಕೇಳಿದವರಿಗೆ, “ಆಕೀ ಮಡಿಲಿಗೆ ಹಾಕಬೇಕಿತ್ತು,” ಎಂದಷ್ಟೇ ಹೇಳಿದಳು.

ಈಗ ಪ್ರತಿ ಭಾನುವಾರ ಅನಸವ್ವ ಪೇಟೆಯಿಂದ ಬಂದ ಮಂದಿಯನ್ನು ಕರೆದುಕೊಂಡು ಗುಡ್ಡವೇರುತ್ತಾಳೆ. ಅರವತ್ತೆಂಟು ವರ್ಷ, ಕಾಲು ಇನ್ನೂ ಗಟ್ಟಿ. ಬನ್ನಿ ಮರದ ಹತ್ತಿರ ಎಲ್ಲರನ್ನೂ ಕೂಡಿಸಿ, ತಾನು ನಾಲ್ಕು ಹೆಜ್ಜೆ ಸರಿದು ಅಕ್ಕನಿಗೆ ಫೋನು ಹಚ್ಚುತ್ತಾಳೆ.

ಕಳೆದ ತಿಂಗಳು ಅವಳು ನಿವೃತ್ತ ಮಾಸ್ತರರ ಮನೆಗೆ ಬಂದು ಅರ್ಜಿ ಬರೆಸಿಕೊಂಡಳು. ವರ್ಷಕ್ಕೆ ಒಂದು ದಿನ, ಪಂಚಮಿಯಂದು, ಅಕ್ಕ ಆ ಕಡೆಯಿಂದ ಏರಲು ಅಪ್ಪಣೆ ಕೊಡಬೇಕೆಂದು. ಮಾಸ್ತರರು ‘ವಿನಯಪೂರ್ವಕ ವಿಜ್ಞಾಪನೆ’ ಎಂದು ತೊಡಗಿ ಮುಗಿಸಿ ಓದಿ ಹೇಳಿದಾಗ ಅವಳಿಗೆ ಸಮಾಧಾನವಾಗಲಿಲ್ಲ.

“ಇಷ್ಟು ಸಾಲಂಗಿಲ್ರಿ ಮಾಸ್ತರ್ರ. ನಮ್ಮಕ್ಕ ಮರಿ ಹಾಕಿದ ಚಿಂಕಾರಕ್ಕಿಂತ ಮೆಲ್ಲಕ ನಡಿತಾಳ, ಯಾವುದಕ್ಕೂ ಅಂಜಿಕಿ ಆಗಂಗಿಲ್ಲ ಅಂತ ಬರೀರಿ.”

ಮಾಸ್ತರರು ಅದನ್ನೂ ಬರೆದರು. ಉತ್ತರ ಇನ್ನೂ ಬಂದಿಲ್ಲ. ಸಿದ್ದಾರ್ಥ ಕಂಡಾಗಲೆಲ್ಲ ಅನಸವ್ವ ಕೇಳುತ್ತಾಳೆ. ಅತ್ತ ಎಪ್ಪತ್ತನಾಲ್ಕರ ಮರೆವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ದಿನಾ ಸಂಜೆ ಹೊಲದಿಂದ ಬೇಲಿಯವರೆಗೆ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಾಳಂತೆ. ಮೊದಲ ವಾರ ದಾರಿಯಲ್ಲಿ ನಾಲ್ಕು ಸಲ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ಈಗ ಎರಡೇ ಸಲ ಕೂರುತ್ತಾಳೆಂದು ಅನಸವ್ವ ಊರವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.